ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳು

ಮುಂದಿನಿಂದ ಬಿಚ್ಚಿದರೆ ಹಾಲಿನ ಲೆಕ್ಕ. ಬೆಳಿಗ್ಗೆ ಎಷ್ಟು ಲೀಟರು, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ಬೂಸಾ ಬಾಬ್ತು ಡೈರಿಯಲ್ಲಿ ಎಷ್ಟು ಹಿಡಿದುಕೊಂಡರು, ಎಲ್ಲ ಸಾಲಾಗಿ. ಅದೇ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಬಿಚ್ಚಿದರೆ, ಅಮ್ಮನಿಗೆ ಕಾಯಿಲೆ ಮತ್ತೆ ಬಂದಾಗ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಅನ್ನೋದು. ಎರಡೂ ಅಮ್ಮನದೇ ಅಕ್ಷರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ದುಂಡು ದುಂಡಾದ ಅಕ್ಷರ.

ನಮ್ಮದು ತಿಪಟೂರು ತಾಲೂಕಿನ ಒಂದು ಹಳ್ಳಿ. ತೆಂಗಿನ ತೋಟ, ಎರಡು ಹಸು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಅಮ್ಮನಿಗೆ ಇರುವುದು ಬೈಪೋಲಾರ್. ಒಂದು ಕಾಲಕ್ಕೆ ಉನ್ಮಾದ, ಇನ್ನೊಂದು ಕಾಲಕ್ಕೆ ಖಿನ್ನತೆ, ಉಳಿದಂತೆ ವರ್ಷಗಟ್ಟಲೆ ನಮ್ಮ ನಿಮ್ಮ ಅಮ್ಮಂದಿರ ಹಾಗೇ. ನಾನು ಹುಟ್ಟಿದ ಮೇಲೆ ಆರು ತಿಂಗಳು ಅವಳಿಗೆ ‘ಮಂಕು ಕವಿದಿತ್ತು’ ಅಂತ ಅಜ್ಜಿ ಹೇಳುತ್ತಿದ್ದರು. ಅದಕ್ಕೂ ಇದಕ್ಕೂ ನಂಟಿದೆ ಅಂತ ನಮಗೆ ಗೊತ್ತಾಗಿದ್ದು 2013ರಲ್ಲಿ, ಕಾಯಿಲೆ ಪೂರಾ ಹೆಡೆ ಎತ್ತಿದ ಮೇಲೆ.

2013ರಲ್ಲಿ ನಾವು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ಪುಸ್ತಕ ಹುಟ್ಟಿದ್ದೇ ಅದರಿಂದ.

ಅಮ್ಮ ಮೂರು ರಾತ್ರಿ ಮಲಗಲಿಲ್ಲ. ನಡುರಾತ್ರಿ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ನಾಲ್ಕನೇ ದಿನ ರೇಷ್ಮೆ ಸೀರೆಗಳನ್ನು ಬೀದಿಯ ಹೆಂಗಸರಿಗೆ ಹಂಚಿದಳು. ಮೈಮೇಲೆ ದೇವರು ಬಂದಿದೆ ಅಂದರು ಕೆಲವರು, ಗಾಳಿ ಅಂದರು ಇನ್ನು ಕೆಲವರು. ತಾಯಿತ, ಅಂತ್ರ, ಹರಕೆ ಅಂತ ಐದು ವಾರ ಕಳೆಯಿತು. ಅಷ್ಟರಲ್ಲಿ ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೊನೆಗೆ ದೊಡ್ಡಪ್ಪ ಒಂದು ಉಪಾಯ ಮಾಡಿದರು. ‘ಧರ್ಮಸ್ಥಳಕ್ಕೆ ಹೋಗೋಣ ಬಾರಮ್ಮ’ ಅಂದರು. ಅಮ್ಮ ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಹಣ್ಣುಕಾಯಿ ಚೀಲ ಹಿಡಿದು ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ಒಂದು ಕಡೆ ನಾನು, ಇನ್ನೊಂದು ಕಡೆ ಚಿಕ್ಕಪ್ಪ, ನಡುವೆ ಅವಳು. ಕಾರು ನಿಂತಿದ್ದು ಒಂದು ನರ್ಸಿಂಗ್ ಹೋಮ್ ಮುಂದೆ. ನಾಲ್ವರು ಹಿಡಿದುಕೊಂಡು ಇಂಜೆಕ್ಷನ್ ಕೊಟ್ಟರು. ಹಿಡಿದ ನಾಲ್ವರಲ್ಲಿ ನಾನೂ ಒಬ್ಬ. ಕಾಯಿ ಉರುಳಿ ಬೆಂಚಿನ ಕೆಳಗೆ ಹೋಯಿತು.

ಔಷಧಿ ಕೆಲಸ ಮಾಡಿತು, ಅಮ್ಮ ಹುಷಾರಾದಳು. ಆದರೆ ಆಮೇಲೆ ಆರು ವರ್ಷ ನಾನು ‘ಬಾ ಅಮ್ಮ, ಸಂತೆಗೆ ಹೋಗಿ ಬರೋಣ’ ಅಂದರೂ ಒಂದು ಕ್ಷಣ ನನ್ನ ಮುಖ ನೋಡಿ, ‘ನಿಜವಾಗ್ಲೂ ಸಂತೆಗೇನಾ?’ ಅಂತ ಕೇಳುತ್ತಿದ್ದಳು.

2019ರಲ್ಲಿ ನನಗೆ ಮದುವೆಯಾಯಿತು. ಹೆಂಡತಿಗೆ ಎಲ್ಲ ಮೊದಲೇ ಹೇಳಿದ್ದೆ. ಅವಳು ಮನೆಗೆ ಬಂದ ಮೂರನೇ ತಿಂಗಳಲ್ಲಿ ಅವರೆಕಾಯಿ ಸುಲಿಯುತ್ತಾ ನೇರವಾಗಿ ಕೇಳಿದಳು: ‘ಅತ್ತೆ, ನಿಮಗೆ ಮತ್ತೆ ಹಂಗಾದ್ರೆ ನಾವೇನು ಮಾಡಬೇಕು? ನೀವೇ ಹೇಳಿ.’ ಆರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ಪ್ರಶ್ನೆ. ಅಪ್ಪ ಎದ್ದು ಕೊಟ್ಟಿಗೆಗೆ ಹೋದರು. ನನಗೆ ಕೈಕಾಲು ಆಡಲಿಲ್ಲ. ಅಮ್ಮ ಸಿಪ್ಪೆ ಒಂದು ಕಡೆ ಗುಡ್ಡೆ ಮಾಡಿ, ‘ಮೊದಲು ಸುಳ್ಳು ಹೇಳಬಾರದು’ ಅಂದಳು. ಅದೇ ಮೊದಲ ಸಾಲಾಯಿತು.

ಬರೆದು ಮುಗಿಸಲು ಎರಡು ತಿಂಗಳು ಹಿಡಿಯಿತು. ನೆನಪಾದಾಗ ನೆನಪಾದಷ್ಟು. ಡಾಕ್ಟರು ಕಾಯಿಲೆಯ ಲಕ್ಷಣ ಅಂತ ಏನೇನೋ ಹೇಳಿದ್ದರು, ಅಮ್ಮ ಅದನ್ನೆಲ್ಲ ತನ್ನ ಮಾತಿಗೆ ಇಳಿಸಿದಳು. ‘ನಿದ್ದೆ ಇಲ್ಲದಿದ್ದರೂ ಸುಸ್ತು ಆಗಲ್ಲ, ಅದು ಮೊದಲು.’ ‘ಅಟ್ಟದ ಪಾತ್ರೆ ಇಳಿಸಿದರೆ ಎರಡನೇದು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಹಬ್ಬ ಹತ್ತಿರ ಇದ್ದರೆ ಲೆಕ್ಕಕ್ಕಿಲ್ಲ.’ ‘ಹತ್ತು ವರ್ಷ ಮಾತಾಡದವರಿಗೆಲ್ಲ ಫೋನ್ ಮಾಡ್ತೀನಿ, ಅಷ್ಟೊತ್ತಿಗೆ ತಡವಾಗಿರುತ್ತೆ.’ ಆಮೇಲೆ ಮಾಡಬೇಕಾದ್ದು: ‘ಒಡವೆ ತಂಗಿ ಹತ್ತಿರ ಕೊಡಿ.’ ‘ದೊಡ್ಡ ಭಾವನವರನ್ನು ಕರೆಯಬೇಡಿ, ಅವರ ದನಿ ಕೇಳಿದರೆ ನನಗೆ ಜಾಸ್ತಿಯಾಗುತ್ತೆ.’ ‘ತಲೆ ಕೆಟ್ಟಿದೆ ಅನ್ನಬೇಡಿ. ನಿದ್ದೆಗೆ ಡಾಕ್ಟರ ಹತ್ತಿರ ಹೋಗೋಣ ಅನ್ನಿ, ಅದು ನಿಜ ತಾನೆ.’ ‘ಕಾರಲ್ಲಿ ಗಂಡಸರ ನಡುವೆ ಕೂರಿಸಬೇಡಿ. ಕಿಟಕಿ ಪಕ್ಕ ಕೂರಿಸಿ. ಬೇಕಾದರೆ ಬಾಗಿಲಿಗೆ ಮಕ್ಕಳ ಲಾಕ್ ಹಾಕಿ, ಹಾಕಿದೀವಿ ಅಂತ ಹೇಳಿ.’ ಈ ಕೊನೆಯದನ್ನು ಓದಿದಾಗ ಹೆಂಡತಿ ನಕ್ಕುಬಿಟ್ಟಳು, ಅಮ್ಮನೂ ನಕ್ಕಳು. ಒಂದು ಸಾಲನ್ನು ಮಾತ್ರ ಯಾರಿಗೂ ಓದಿ ಹೇಳದೆ ಬರೆದಿದ್ದಳು: ‘ಆಗ ನಾನು ಅಂದ ಮಾತನ್ನು ಆಮೇಲೆ ಎತ್ತಿ ಆಡಬೇಡಿ.’

ಇನ್ನೊಂದು ಕೆಲಸವನ್ನೂ ಆಗಲೇ ಮಾಡಿದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಕಾಯಿಲೆಯವರು ಹುಷಾರಾಗಿದ್ದಾಗಲೇ ತಮ್ಮ ಪರವಾಗಿ ನಿಲ್ಲುವವರು ಯಾರು ಅಂತ ಹೆಸರಿಸಬಹುದು. ನಾಮನಿರ್ದೇಶಿತ ಪ್ರತಿನಿಧಿ ಅನ್ನುತ್ತಾರೆ. ಛಾಪಾ ಕಾಗದ, ನೋಟರಿ ಏನೂ ಬೇಡ, ಬಿಳಿ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಒತ್ತಿದರೆ ಆಯಿತು. ಚಿಕಿತ್ಸೆ ಹೇಗಿರಬೇಕು ಅನ್ನುವ ಮುಂಗಡ ನಿರ್ದೇಶನ ಅಂತಲೂ ಒಂದಿದೆ, ಅದಕ್ಕೆ ನಿಯಮ ಜಾಸ್ತಿ. ನಾವು ಅದರ ಗೋಜಿಗೆ ಹೋಗಲಿಲ್ಲ. ಬಿಳಿ ಹಾಳೆ ತಂದು ಮುಂದಿಟ್ಟಾಗ ನಾನು ಪೆನ್ನಿನ ಮುಚ್ಚಳ ತೆಗೆದು ನನ್ನ ಹೆಸರು ಬರೆಯಲು ಕಾಯುತ್ತಿದ್ದೆ. ಅಮ್ಮ ಸೊಸೆಯ ಹೆಸರು ಬರೆದಳು. ‘ನೀನು ಹೆದರ್ತೀಯ. ನಿಮ್ಮಪ್ಪ ಅಳ್ತಾರೆ. ಇವಳು ಗಟ್ಟಿ’ ಅಂದಳು. ನನಗೆ ಚುರುಕ್ ಅಂದಿತು, ಸುಳ್ಳೇಕೆ ಹೇಳಲಿ.

ನಾಲ್ಕು ವರ್ಷ ಆ ಪುಟಗಳ ಅಗತ್ಯ ಬೀಳಲಿಲ್ಲ. ಪುಸ್ತಕ ಮುಂದಿನಿಂದ ತುಂಬುತ್ತಾ ಹೋಯಿತು.

ಅಮ್ಮ ತೆಗೆದುಕೊಳ್ಳುತ್ತಿದ್ದುದು ಲಿಥಿಯಂ. ಹಳೇ ಔಷಧಿ, ಅಗ್ಗದ್ದು, ಅವಳಿಗೆ ಒಗ್ಗಿತ್ತು. ಆದರೆ ಅದಕ್ಕೆ ನೂರೆಂಟು ಮಡಿ. ರಕ್ತದಲ್ಲಿ ಅದರ ಮಟ್ಟ ಕಮ್ಮಿಯಾದರೆ ಕಾಯಿಲೆ, ಹೆಚ್ಚಾದರೆ ವಿಷ. ರಾತ್ರಿ ಮಾತ್ರೆ ನುಂಗಿ ಸರಿಯಾಗಿ 12 ತಾಸು ಆದ ಮೇಲೆ ರಕ್ತ ಕೊಡಬೇಕು. ಕಿಡ್ನಿ, ಥೈರಾಯ್ಡ್ ಆಗಾಗ ನೋಡಿಸಬೇಕು. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಮ್ಮಿಯಾದರೆ ಮಟ್ಟ ಏರುತ್ತದೆ. ಮಂಡಿ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಯಾವುದಾದರೂ ಪೇನ್ ಕಿಲ್ಲರ್ ಇಸಕೊಂಡು ನುಂಗಿದರೂ ಏರಬಹುದು. ಪುಸ್ತಕದಲ್ಲಿ ಅದಕ್ಕೂ ಒಂದು ಸಾಲಿತ್ತು: ‘ಮಂಡಿಗೆ ಪ್ಯಾರಾಸಿಟಮಾಲ್ ಮಾತ್ರ.’ ಇನ್ನೊಂದು ತೊಂದರೆಯನ್ನು ಮಾತ್ರ ಯಾರೂ ಬರೆದಿರಲಿಲ್ಲ, ಯಾಕೆಂದರೆ ಅದು ತೊಂದರೆ ಅಂತಲೇ ನಮಗೆ ಅನ್ನಿಸಿರಲಿಲ್ಲ. ಲಿಥಿಯಂ ತೆಗೆದುಕೊಳ್ಳುವವರಿಗೆ ಕೈ ಸಣ್ಣಗೆ ನಡುಗುತ್ತದೆ.

2023ರ ಮಾರ್ಚ್‌ನಲ್ಲಿ ಸೋದರಮಾವನ ಮಗಳ ಮದುವೆ. ಬೀಗರು ಮಾತುಕತೆಗೆ ಬಂದ ದಿನ ಅಮ್ಮ ಕಾಫಿ ಹಂಚಲು ಹೋಗಿದ್ದಾಳೆ. ತಟ್ಟೆಯ ಮೇಲೆ ಲೋಟಗಳು ಕಟಕಟ ಅಂದಿವೆ, ಕಾಫಿ ಚೆಲ್ಲಿದೆ. ಬೀಗರ ಕಡೆಯ ಯಾರೋ ‘ಯಾಕಮ್ಮ, ಹುಷಾರಿಲ್ವಾ?’ ಅಂತ ಕೇಳಿದ್ದಾರೆ. ಅಷ್ಟೇ. ಅವತ್ತು ರಾತ್ರಿಯಿಂದ ಅಮ್ಮ ಮಾತ್ರೆ ಬಿಟ್ಟಳು. ಮದುವೆ ಮುಗಿಯೋವರೆಗೆ ಮಾತ್ರ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳಂತೆ. ಚಪ್ಪರ, ಶಾಸ್ತ್ರ, ಅರಿಶಿನ ಅಂತ ನಾಲ್ಕೈದು ರಾತ್ರಿ ನಿದ್ದೆಯೂ ಇಲ್ಲ. ಮಾತ್ರೆಯೂ ಇಲ್ಲ, ನಿದ್ದೆಯೂ ಇಲ್ಲ ಅಂದರೆ ಈ ಕಾಯಿಲೆಗೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಮದುವೆಯಲ್ಲಿ ಅಮ್ಮ ಎಷ್ಟು ಚುರುಕಾಗಿ ಓಡಾಡಿದಳೆಂದರೆ ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಪುಸ್ತಕ ಇಟ್ಟುಕೊಂಡೂ ಮೋಸ ಹೋಗಿದ್ದು ಅಲ್ಲೇ. ಮದುವೆ ಮನೆಯ ಸಡಗರಕ್ಕೂ ಉನ್ಮಾದದ ಮೊದಲ ಮೆಟ್ಟಿಲಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಇರಲಿಲ್ಲ.

ಮದುವೆ ಮುಗಿದ ಮೇಲಿನ ಗುರುವಾರ ರಾತ್ರಿ ಅಪ್ಪ ಫೋನ್ ಮಾಡಿದರು. ಅವರು ಮಾತು ಕಮ್ಮಿ. ‘ಅಟ್ಟದಿಂದ ಪಾತ್ರೆ ಇಳಿಸ್ತಾ ಇದಾಳೆ’ ಅಂದರು. ನಾವು ಅರ್ಧ ಗಂಟೆಯಲ್ಲಿ ಹೊರಟೆವು.

ನಾವು ಮುಟ್ಟುವ ಹೊತ್ತಿಗೆ ನಡುರಾತ್ರಿ ದಾಟಿತ್ತು. ಅಂಗಳದ ತುಂಬ ಪಾತ್ರೆ, ಮನೆಯ ಎಲ್ಲ ಲೈಟೂ ಉರಿಯುತ್ತಿದೆ, ಅಮ್ಮ ಮಾತಾಡುತ್ತಲೇ ಇದ್ದಾಳೆ. ಅಪ್ಪ ಯಾವುದೋ ಕಾಲದಲ್ಲಿ ಅವಳ ಬಳೆ ಅಡ ಇಟ್ಟು ಬಿಡಿಸದೆ ಬಿಟ್ಟ ಕತೆಯನ್ನು, ಬಡ್ಡಿ ಸಮೇತ, ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಅದು ನಿಜವಾದ ಕತೆ, ಕಷ್ಟ ಇರುವುದೇ ಅಲ್ಲಿ. ಅಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ನಮ್ಮ ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವುದು ಮಂಗಳವಾರ. ಕಾಯಿಲೆ ವಾರ ನೋಡಿಕೊಂಡು ಬರುತ್ತದೆಯೇ? ಹೆಂಡತಿ ಹಿತ್ತಲಿಗೆ ಹೋಗಿ 14416ಕ್ಕೆ ಫೋನ್ ಮಾಡಿದಳು. ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಿದರು. ಮೊದಲು ಕೇಳಿದ್ದು, ಯಾರಿಗಾದರೂ ಪೆಟ್ಟಾಗುವ ಅಪಾಯ ಇದೆಯಾ, ಅವರು ತಮಗೆ ತಾವು ಏನಾದರೂ ಮಾಡಿಕೊಳ್ಳುವ ಮಾತಾಡುತ್ತಿದ್ದಾರಾ. ಆಮೇಲೆ ಊಟ, ನೀರು, ಯಾವ ಮಾತ್ರೆ, ಬಿಟ್ಟು ಎಷ್ಟು ದಿನವಾಯಿತು. ಬಿಟ್ಟ ಮಾತ್ರೆಗಳನ್ನೆಲ್ಲ ಒಟ್ಟಿಗೆ ಕೊಡಬೇಡಿ ಅಂತ ಎರಡು ಸಲ ಹೇಳಿದರು. ಒಳ್ಳೆಯದಾಯಿತು, ಅಪ್ಪ ಆಗಲೇ ನಾಲ್ಕು ಮಾತ್ರೆ ಅಂಗೈಯಲ್ಲಿ ಹಿಡಿದು ಕೂತಿದ್ದರು. ಒಬ್ಬರೇ ಮಾತಾಡಿ, ವಾದ ಬೇಡ, ಲೈಟು ಕಮ್ಮಿ ಮಾಡಿ, ಜನ ಸೇರಿಸಬೇಡಿ, ಬೆಳಗಾಗುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು.

ಲೈಟು ಆರಿಸಿದ್ದು ನಾನು. ಆ ರಾತ್ರಿ ನನ್ನಿಂದ ಆದ ದೊಡ್ಡ ಕೆಲಸ ಅದೇ. ಹೆಂಡತಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಚೊಂಬು ತಗೊಂಡು ತಾನೂ ಉಜ್ಜಲು ಶುರುಮಾಡಿದಳು. ಎಷ್ಟೋ ಹೊತ್ತಾದ ಮೇಲೆ, ‘ಅತ್ತೆ, ನಿದ್ದೆ ಬಂದು ಎಷ್ಟು ದಿನ ಆಯ್ತು?’ ಅಂದಳು. ‘ನಂಗೆ ನಿದ್ದೆ ಬೇಕಿಲ್ಲ ಕಣೆ, ಸುಸ್ತೇ ಇಲ್ಲ’ ಅಂದಳು ಅಮ್ಮ. ‘ಅದನ್ನ ನೀವು ಪುಸ್ತಕದಲ್ಲಿ ಮೊದಲನೇದು ಅಂತ ಬರೆದಿದೀರ.’ ಅಮ್ಮನ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ‘ಎಲ್ಲಿಗೆ ಕರ್ಕೊಂಡು ಹೋಗ್ತೀರ?’ ಅಂದಳು. ‘ನಿಮ್ಹಾನ್ಸ್‌ಗೆ, ಬೆಂಗಳೂರಿಗೆ. ಬೇರೆ ಎಲ್ಲಿಗೂ ಅಲ್ಲ.’ ಅಮ್ಮ ನನ್ನ ಕಡೆ ತಿರುಗಿ, ‘ಇವನು ಹೇಳಲಿ’ ಅಂದಳು. ಹತ್ತು ವರ್ಷದ ಹಿಂದಿನ ಕಾಯಿ ಬೆಂಚಿನ ಕೆಳಗೆ ಉರುಳಿದ್ದು ನೆನಪಾಯಿತು. ‘ನಿಮ್ಹಾನ್ಸ್‌ಗೆ ಕಣಮ್ಮ. ಬಹುಶಃ ಅಡ್ಮಿಟ್ ಮಾಡ್ಕೋತಾರೆ’ ಅಂದೆ.

ಬೆಳಿಗ್ಗೆ ಐದಕ್ಕೆ ಹೊರಟೆವು. ಕಿಟಕಿ ಪಕ್ಕ ಅಮ್ಮ, ಜೊತೆಗೆ ಸೊಸೆ, ಮುಂದೆ ನಾನು. ಮಕ್ಕಳ ಲಾಕ್ ಹಾಕಿದೀವಿ ಅಂತ ಹೇಳಿದೆವು. ಕಿಬ್ಬನಹಳ್ಳಿ ಕ್ರಾಸ್ ದಾಟುವಾಗ ಭಜನೆ, ಗುಬ್ಬಿಯಲ್ಲಿ ಜಗಳ, ತುಮಕೂರಿನಲ್ಲಿ ಡ್ರೈವರಿಗೆ ಅವನ ಮದುವೆಯ ಬಗ್ಗೆ ಸಲಹೆ. ಎರಡು ಸಲ ಇಳಿಯುತ್ತೇನೆ ಅಂತ ಬಾಗಿಲು ಬಡಿದಳು. ಸುಮಾರು 140 ಕಿಲೋಮೀಟರು ನಾನು ದೇವರನ್ನು ನೆನೆದಿದ್ದು ನಿಜ, ಆದರೆ ಯಾರೂ ಅವಳ ಕೈ ಹಿಡಿದು ಅದುಮಲಿಲ್ಲ.

ಹೊಸೂರು ರಸ್ತೆಯ ಎಮರ್ಜೆನ್ಸಿಯಲ್ಲಿ ನೋಡಿದರು. ಲಿಥಿಯಂ ಮಟ್ಟ 0.2ಕ್ಕೂ ಕೆಳಗೆ ಬಂತು, ಇರಬೇಕಾದ್ದು 0.6ರ ಮೇಲೆ. ದಾಖಲಾತಿ ಫಾರಂಗೆ ಅಮ್ಮನೇ ಸಹಿ ಹಾಕಿದಳು, ಹೆಸರಿನ ಕೆಳಗೆ ಎರಡು ಗೆರೆ ಎಳೆದು. ಒಬ್ಬರು ಜೊತೆಯಲ್ಲಿ ಇರಲೇಬೇಕಾದ ವಾರ್ಡು. ಹೆಂಡತಿ ಉಳಿದಳು, ನಾನು ಕ್ಯಾಂಟೀನಿಗೂ ಮೆಡಿಕಲ್ ಸ್ಟೋರಿಗೂ ಓಡಾಡುವವನಾದೆ. ಆಫೀಸಿಗೆ ಮಾತ್ರ ‘ಅಮ್ಮನಿಗೆ ಕಿಡ್ನಿ ತೊಂದರೆ’ ಅಂತ ಹೇಳಿ ರಜೆ ತಗೊಂಡೆ. ಮನೆಯೊಳಗೆ ಸುಳ್ಳು ಹೇಳಬಾರದು ಅಂತ ಪುಸ್ತಕ ಮಾಡಿಕೊಂಡವನು ನಾನೇ.

ಮೂರನೇ ದಿನ ಅಮ್ಮ ಮನೆಗೆ ಹೋಗುತ್ತೇನೆ ಅಂತ ಹಟ ಹಿಡಿದಳು. ಇದು ಬರುತ್ತದೆ ಅಂತ ಅವಳಿಗೇ ಗೊತ್ತಿತ್ತು, ಬರೆದೂ ಇದ್ದಳು: ‘ಮನೆಗೆ ಹೋಗ್ತೀನಿ ಅಂತ ಜಗಳ ಮಾಡ್ತೀನಿ. ಆಗ ಈ ಪುಟ ತೋರಿಸಿ.’ ನಾನು ಭಾರಿ ನಂಬಿಕೆಯಿಂದ ಪುಸ್ತಕ ಬಿಚ್ಚಿ ತೋರಿಸಿದೆ. ಅಮ್ಮ ಓದಿದಳು. ‘ಇದು ನಾನು ಬರೆದಿದ್ದಲ್ಲ, ನೀವಿಬ್ಬರೂ ಸೇರಿ ಬರೆಸಿದ್ದು’ ಅಂತ ಪುಸ್ತಕವನ್ನು ಮಂಚದ ಆಚೆಗೆ ಎಸೆದಳು. ಹುಷಾರಿಲ್ಲದ ಅಮ್ಮ ಹುಷಾರಾಗಿದ್ದ ಅಮ್ಮನ ಮಾತು ಕೇಳುತ್ತಾಳೆ ಅಂತ ನಾನು ಹೇಗೆ ನಂಬಿದ್ದೆನೋ.

ಡಾಕ್ಟರು ಕಾನೂನು ಬಿಡಿಸಿ ಹೇಳಿದರು. ತಾವಾಗಿ ದಾಖಲಾದವರು ಹೋಗುತ್ತೇನೆ ಅಂದರೆ ಕಳಿಸಬೇಕು. ಅಪಾಯ ಕಂಡರೆ 24 ಗಂಟೆ ತಡೆದು ಪರೀಕ್ಷಿಸಬಹುದು. ಮನೋವೈದ್ಯರೊಬ್ಬರು ಸೇರಿ ಇಬ್ಬರು ಬೇರೆ ಬೇರೆಯಾಗಿ ನೋಡಿ ಅಗತ್ಯ ಇದೆ ಅಂದರೆ, ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಟ್ಟರೆ, 89ನೇ ಸೆಕ್ಷನ್ ಪ್ರಕಾರ 30 ದಿನದವರೆಗೆ ಇಟ್ಟುಕೊಳ್ಳಬಹುದು. ಹೆಂಗಸರಾದರೆ ಮೂರು ದಿನದೊಳಗೆ ಪುನರ್ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅಂದರೆ ನನ್ನ ಹೆಂಡತಿ ಸಹಿ ಹಾಕಬೇಕು.

ಆಚೆ ಹೋಗಿ ಸದ್ದಿಲ್ಲದೆ ಹಾಕಿಬಿಡು ಅಂದೆ ನಾನು. ಅವಳು ಕೇಳಲಿಲ್ಲ. ಫಾರಂ ಹಿಡಿದು ಅಮ್ಮನ ಮುಂದೆ ನಿಂತು, ‘ಅತ್ತೆ, ನಾನು ಸಹಿ ಹಾಕ್ತಾ ಇದೀನಿ. ನಿಮಗೆ ಇಷ್ಟ ಇಲ್ಲ ಅಂತ ಗೊತ್ತು. ನನ್ನ ಹೆಸರು ಬರೆದಿದ್ದು ನೀವು’ ಅಂದು, ಮಂಚದ ತುದಿಯಲ್ಲಿ ಇಟ್ಟು ಹಾಕಿದಳು. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಎರಡು ದಿನ ಸೊಸೆಯ ಜೊತೆ ಮಾತಿಲ್ಲ, ಅವಳು ಕೊಟ್ಟ ಊಟ ಮುಟ್ಟಲಿಲ್ಲ. ಚಿಕ್ಕಮ್ಮ ಊರಿಂದ ಬಂದು ಮೊಸರನ್ನ ತಿನ್ನಿಸಿದರು. ಆ ಎರಡು ದಿನ ಹೆಂಡತಿ ಕಾರಿಡಾರಿನಲ್ಲಿ ಕೂತು ಅತ್ತಿದ್ದನ್ನು ನಾನು ಮಾತ್ರ ನೋಡಿದೆ.

ಮೂರನೇ ಬೆಳಿಗ್ಗೆ, ರಾತ್ರಿ ಎಂಟು ತಾಸು ನಿದ್ದೆಯಾದ ಮೇಲೆ, ಅಮ್ಮ ಸೊಸೆಯ ತಲೆಯಲ್ಲಿ ಸಿಕ್ಕು ನೋಡಿ, ‘ಬಾ ಇಲ್ಲಿ, ಎಣ್ಣೆ ಕಂಡು ಎಷ್ಟು ದಿನ ಆಯ್ತು’ ಅಂದಳಂತೆ. ಒಟ್ಟು 18 ದಿನಕ್ಕೆ ಮನೆಗೆ ಬಂದೆವು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಉನ್ಮಾದದ ಬೆನ್ನಿಗೆ ಖಿನ್ನತೆ ಬರಬಹುದು ಅಂತ ಡಾಕ್ಟರು ಹೇಳಿದ್ದರು, ಗದ್ದಲ ನಿಂತ ನೆಮ್ಮದಿಯಲ್ಲಿ ನಾವು ಅದನ್ನು ಮರೆತೆವು. ಮೇ ತಿಂಗಳಲ್ಲಿ ಅಮ್ಮ ಹಾಸಿಗೆ ಹಿಡಿದಳು. ಹಸು ಕೂಗಿದರೂ ಏಳಳು. ‘ಊರವರಿಗೆ ಹೆಂಗೆ ಮುಖ ತೋರಿಸಲಿ’ ಅನ್ನುವುದೊಂದೇ ಮಾತು. ಗದ್ದಲ ಇಲ್ಲದ್ದರಿಂದ ನೆಂಟರು ಯಾರೂ ಬರಲಿಲ್ಲ. ನನ್ನ ಪ್ರಕಾರ ಹೆಚ್ಚು ಜನ ಬೇಕಾಗಿದ್ದು ಈಗಲೇ. ಲಿಥಿಯಂ ಒಟ್ಟಿಗೆ ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ಮಾತ್ರೆ ಅಪ್ಪನ ಕೈಗೆ ಹೋಯಿತು, ದಿನದ್ದು ದಿನಕ್ಕೆ. ತೋಟದ ಔಷಧಿಗಳನ್ನು ಮನೆಯಿಂದಾಚೆ ಸಾಗಿಸಿದೆವು.

ಕೇಳಬೇಕಾದ ಪ್ರಶ್ನೆ ಒಂದು ಉಳಿದಿತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತೆ ಆಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗೇನೂ ಆಗುವುದಿಲ್ಲ, ನೇರವಾಗಿ ಕೇಳಿ ಅಂದರು ಡಾಕ್ಟರು. ಒಂದು ಸಂಜೆ ಅಮ್ಮನ ಕಾಲ ಬಳಿ ಕೂತು, ‘ಅಮ್ಮ, ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?’ ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಅಮ್ಮ ಸೂರು ನೋಡುತ್ತಾ, ‘ಬರುತ್ತೆ’ ಅಂದಳು. ಆಮೇಲೆ, ‘ಯಾರೂ ಕೇಳಿರಲಿಲ್ಲ’ ಅಂದಳು. ಆ ರಾತ್ರಿಯಿಂದ ಯಾರಾದರೊಬ್ಬರು ಅವಳ ಪಕ್ಕದಲ್ಲೇ ಮಲಗಿದೆವು. ಮಾರನೇ ದಿನ ಡಾಕ್ಟರಿಗೆ ತೋರಿಸಿದೆವು, ಔಷಧಿ ಬದಲಾಯಿತು. ಆಗಸ್ಟ್ ಹೊತ್ತಿಗೆ ಅವಳೇ ಹಾಲು ಕರೆಯಲು ಕೂತಳು. ಅಪ್ಪ ಮತ್ತೆ ಬಳೆಯ ಮಾತು ಎತ್ತಲಿಲ್ಲ. ಒಂದು ದಿನ ತಿಪಟೂರಿಗೆ ಕೊಬ್ಬರಿ ಹಾಕಲು ಹೋದವರು ಬರುವಾಗ ಒಂದು ಜೊತೆ ಬಳೆ ತಂದು ದೇವರ ಗೂಡಿನಲ್ಲಿ ಇಟ್ಟರು, ಯಾರಿಗೂ ಏನೂ ಹೇಳದೆ.

ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಕನ್ನಡಕ ಹಾಕಿಕೊಂಡು ಹಾಲಿನ ಪುಸ್ತಕ ತಿರುಗಿಸಿ ಕೂತಿದ್ದಳು. ‘ಒಡವೆ ತಂಗಿ ಹತ್ತಿರ ಕೊಡಿ’ ಅನ್ನುವುದನ್ನು ಹೊಡೆದು ಹಾಕಿದ್ದಳು. ‘ನನ್ನ ಸರ ಹಾಕ್ಕೊಂಡು ಎರಡು ಮದುವೆ ಮುಗಿಸಿದಾಳೆ ಅವಳು’ ಅಂದಳು. ‘ಆಗ ಈ ಪುಟ ತೋರಿಸಿ’ ಅನ್ನುವ ಕಡೆ ಕಾಟು ಹಾಕಿ, ‘ತೋರಿಸಬೇಡಿ, ನಾನು ಕೇಳಲ್ಲ. ಹೇಳಿ ಸಹಿ ಹಾಕಿ’ ಅಂತ ತಿದ್ದಿದ್ದಳು. ಕೊನೆಗೆ, ಹಾಲಿನ ಲೆಕ್ಕ ಬಂದು ಮುಟ್ಟುವುದಕ್ಕೆ ನಾಲ್ಕೇ ಹಾಳೆ ಉಳಿದಿರುವಲ್ಲಿ, ಅಕ್ಷರ ಸ್ವಲ್ಪ ನಡುಗಿದ ಒಂದು ಹೊಸ ಸಾಲು: ‘ಇನ್ನು ಮದುವೆ ಮನೆಯಲ್ಲಿ ನಾನು ಕಾಫಿ ಹಂಚಲ್ಲ. ಎಲೆ ಹಾಕ್ತೀನಿ.’